ಸೀರೆ ಕೌದಿಯಾದೀತು, ಧ್ವಜ?

ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ಅರಿವಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಳಕಲ್ ಸೀರೆ ನಮ್ಮದು, ಗುಳೇದಗುಡ್ಡದ ಖಣ ನಮ್ಮದು. ಇಲ್ಲಿನ ಮನೆಗಳಲ್ಲಿ ಒಂದು ಸೀರೆಗೆ ಹಲವು ಜನ್ಮ. ಹೊಸದಿದ್ದಾಗ ಹಬ್ಬಕ್ಕೆ, ಮದುವೆಗೆ. ಬಣ್ಣ ಮಾಸಿದ ಮೇಲೆ ಮನೆಯಲ್ಲಿ, ಹೊಲದಲ್ಲಿ ಉಡಲಿಕ್ಕೆ. ಹರಿದ ಮೇಲೆ ಕೌದಿಗೆ, ಇಲ್ಲವೇ ಕೂಸಿನ ತೊಟ್ಟಿಲಿಗೆ. ಕೌದಿಯೂ ಸವೆದು ಹೋದರೆ ಕಡೆಗೆ ನೆಲ ಒರೆಸುವ ಅರಿವಿ. ಇದನ್ನು ಯಾರೂ ಸೀರೆಗೆ ಮಾಡಿದ ಅವಮಾನ ಎನ್ನುವುದಿಲ್ಲ. ಒಂದು ಎಳೆಯನ್ನೂ ಹಾಳು ಮಾಡದೆ ಬಳಸುವುದೇ ನೇಕಾರನಿಗೆ ಕೊಡುವ ಮರ್ಯಾದೆ ಎಂದು ನಂಬಿದವರು ನಾವು.

ಆದರೆ ಈ ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿಯಬಾರದ ಬಟ್ಟೆಯೊಂದಿದೆ. ಅದು ರಾಷ್ಟ್ರಧ್ವಜ. ಹಳೆಯದಾಯಿತೆಂದು ಅದನ್ನು ಕೌದಿಗೆ ಹಾಕುವಂತಿಲ್ಲ, ಸಾಮಾನು ಕಟ್ಟುವಂತಿಲ್ಲ, ಒರೆಸುವ ಅರಿವಿ ಮಾಡುವಂತೂ ಇಲ್ಲ. ಅದಕ್ಕೆ ಇರುವುದು ಒಂದೇ ಜನ್ಮ. ಹಾಗಿದ್ದ ಮೇಲೆ, ಬಳಸಿ ಬಿಸಾಡುವ ವಸ್ತುಗಳ ಮೇಲೆ ಅದನ್ನು ಅಚ್ಚು ಹಾಕುವುದು ಎಷ್ಟು ಸರಿ? ಈ ಪ್ರಶ್ನೆ ಕಳೆದ ಒಂದು ವರ್ಷದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಇಳಕಲ್ಲು, ಗುಳೇದಗುಡ್ಡದ ಹೆಸರು ಎಲ್ಲರಿಗೂ ಗೊತ್ತು. ಆದರೆ ಧ್ವಜದ ಬಟ್ಟೆಯೂ ನಮ್ಮ ಜಿಲ್ಲೆಯದೇ ಎಂಬುದು ನನ್ನ ತರಗತಿಯ ಬಹಳಷ್ಟು ಗೆಳೆಯರಿಗೆ ಗೊತ್ತಿರಲಿಲ್ಲ. ಬಾಗಲಕೋಟೆಯಿಂದ ಕಲಾದಗಿ ಕಡೆಗೆ ಹೋಗುವಾಗ ಸಿಗುವ ತುಳಸಿಗೇರಿಯನ್ನು ಜನ ಹನುಮಪ್ಪನ ಗುಡಿಯಿಂದ ಗುರುತಿಸುತ್ತಾರೆ. ಅದೇ ಊರಿನಲ್ಲಿ ಧ್ವಜಕ್ಕೆ ಬೇಕಾದ ಖಾದಿ ಬಟ್ಟೆ ತಯಾರಾಗುತ್ತದೆ. ಅಲ್ಲಿಂದ ಅದು ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಬಟ್ಟೆಗೆ ಬಣ್ಣ ಹಾಕುವುದು, ಎರಡೂ ಬದಿಗೆ 24 ಅರಗಳ ಅಶೋಕ ಚಕ್ರ ಮುದ್ರಿಸುವುದು, ಪಟ್ಟಿಗಳನ್ನು ಕೂಡಿಸಿ ಹೊಲಿಯುವುದು ಎಲ್ಲ ಅಲ್ಲಿಯೇ. ನೂಲುವುದರಿಂದ ಹೊಲಿಯುವವರೆಗೆ ಹೆಚ್ಚಿನ ಕೈಗಳು ಹೆಣ್ಣುಮಕ್ಕಳವು.

ನಾನು ಸಿವಿಲ್ ವಿಭಾಗದ ವಿದ್ಯಾರ್ಥಿ. ಕಾಂಕ್ರೀಟ್‌ಗೆ ಐಎಸ್ 456 ಎಂಬ ಮಾನದಂಡವನ್ನು ನಾವು ಬಾಯಿಪಾಠ ಮಾಡಿದವರು. ಹಾಗಾದರೆ ಐಎಸ್ 1 ಯಾವುದಿರಬಹುದು ಎಂದು ಒಮ್ಮೆ ಕುತೂಹಲಕ್ಕೆ ಹುಡುಕಿದೆ. ಅದು ರಾಷ್ಟ್ರಧ್ವಜದ ಮಾನದಂಡ! 1951ರಲ್ಲಿಯೇ ಈ ದೇಶ ತನ್ನ ಧ್ವಜದ ಅಳತೆ, ಬಣ್ಣ, ಬಟ್ಟೆ ಹೇಗಿರಬೇಕೆಂದು ಬರೆದಿಟ್ಟುಕೊಂಡಿತು. ಉದ್ದ ಮತ್ತು ಅಗಲ 3:2 ಇರಬೇಕು. ಚಕ್ರದ ಅರಗಳಲ್ಲಿ ಒಂದು ಕಡಿಮೆಯಾದರೂ ಅದು ಧ್ವಜವಲ್ಲ.

ಇಷ್ಟು ಶಿಸ್ತು ಯಾಕೆ ಎಂದು ಕೇಳುವವರು ನಮ್ಮದೇ ರಾಜ್ಯದ ಇತಿಹಾಸ ನೋಡಬೇಕು. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ಡಾ. ನಾ.ಸು. ಹರ್ಡೀಕರರು ಸ್ವಯಂಸೇವಕರನ್ನು ಕರೆದುಕೊಂಡು ಹೋಗಿ ಜೈಲು ಸೇರಿದರು. 1938ರ ಏಪ್ರಿಲ್‌ನಲ್ಲಿ ಮದ್ದೂರು ಹತ್ತಿರದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. 1938ರ ಧ್ವಜದ ನಡುವೆ ಚಕ್ರದ ಬದಲು ಚರಕ ಇತ್ತು ಎಂಬುದನ್ನು ಬಿಟ್ಟರೆ, ಆ ವರ್ಷ ಜನ ಎತ್ತಿ ಹಿಡಿದದ್ದು ಇದೇ ಮೂರು ಬಣ್ಣವನ್ನು.

ಸ್ವಾತಂತ್ರ್ಯ ಬಂದ ಮೇಲೂ ಸಾಮಾನ್ಯ ಜನ ವರ್ಷವಿಡೀ ಮನೆಯ ಮೇಲೆ ಧ್ವಜ ಹಾರಿಸುವಂತಿರಲಿಲ್ಲ. ಆ ಅವಕಾಶ ಸಿಕ್ಕಿದ್ದು 2002ರ ಜನವರಿ 26ರಿಂದ, ಹೊಸ ಧ್ವಜ ಸಂಹಿತೆ ಜಾರಿಯಾದಾಗ. ಇದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವರು ಉದ್ಯಮಿ ನವೀನ್ ಜಿಂದಾಲ್. ಗೌರವದಿಂದ ಧ್ವಜ ಹಾರಿಸುವುದು ನಾಗರಿಕನ ಮೂಲಭೂತ ಹಕ್ಕು ಎಂದು 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ನನ್ನ ವಯಸ್ಸಿನವರು ಹುಟ್ಟುವ ಹೊತ್ತಿಗಷ್ಟೇ ಈ ಹಕ್ಕು ಗಟ್ಟಿಯಾಗಿತ್ತು. ಹಕ್ಕು ನಮಗೆ ಹುಟ್ಟುತ್ತಲೇ ಸಿಕ್ಕಿತು. ಅದನ್ನು ಹೇಗೆ ಬಳಸಬೇಕು ಎಂಬುದನ್ನು ಮಾತ್ರ ನಾವೇ ಕಲಿಯಬೇಕು.

ಈಗ ಸುತ್ತಲೂ ನೋಡಿ. ಟೀ ಶರ್ಟು, ಕ್ಯಾಪು, ಕಾಫಿ ಮಗ್ಗು, ಮೊಬೈಲ್ ಕವರು, ಬೈಕಿನ ಟ್ಯಾಂಕು, ಮಿಠಾಯಿ ಡಬ್ಬಿ ಎಲ್ಲದರ ಮೇಲೂ ತ್ರಿವರ್ಣ. ನನ್ನ ರೂಮ್‌ಮೇಟ್ ಬಾದಾಮಿಯವನು. ಬನಶಂಕರಿ ಜಾತ್ರೆ ಜನವರಿಯಲ್ಲಿ ಬರುವುದರಿಂದ ಗಣರಾಜ್ಯೋತ್ಸವದ ಸಾಮಾನೂ ಜಾತ್ರೆಯ ಅಂಗಡಿಗಳಲ್ಲೇ ಮಾರಾಟವಾಗುತ್ತದಂತೆ. ಕೈಗೆ ಕಟ್ಟುವ ಪಟ್ಟಿ, ತಲೆಗೆ ಸುತ್ತುವ ರಿಬ್ಬನ್, ಗಾಳಿಗಿರಕಿ. ಜಾತ್ರೆ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಅರ್ಧ ಮಣ್ಣಿನಲ್ಲಿ.

ಕಾನೂನು ಏನು ಹೇಳುತ್ತದೆ? 1971ರ ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ ಧ್ವಜ ಎಂದರೆ ಕಂಬದ ಮೇಲಿನ ಬಟ್ಟೆಯಷ್ಟೇ ಅಲ್ಲ. ಯಾವುದೇ ವಸ್ತುವಿನ ಮೇಲಿನ ಅದರ ಚಿತ್ರವೂ, ಅದರ ಒಂದು ಭಾಗದ ಚಿತ್ರವೂ ಧ್ವಜವೇ. ಉಡುಪಿನಲ್ಲಿ ಧ್ವಜ ಬಳಸಲು 2005ರ ತಿದ್ದುಪಡಿ ಸ್ವಲ್ಪ ಅವಕಾಶ ಕೊಟ್ಟಿತು. ಆದರೆ ಸೊಂಟದಿಂದ ಕೆಳಗೆ ಧರಿಸುವ ಯಾವುದರಲ್ಲೂ ಅದು ಇರುವಂತಿಲ್ಲ. ದಿಂಬು, ಕರವಸ್ತ್ರ, ನ್ಯಾಪ್ಕಿನ್, ಒಳಉಡುಪು ಮತ್ತು ಉಡುಪಿನ ಬಟ್ಟೆಯ ಮೇಲೆ ಅದನ್ನು ಮುದ್ರಿಸುವಂತಿಲ್ಲ, ಕಸೂತಿ ಹಾಕುವಂತಿಲ್ಲ. ಅದರ ಮೇಲೆ ಏನನ್ನೂ ಬರೆಯುವಂತಿಲ್ಲ, ವಾಹನಕ್ಕೆ ಹೊದಿಸುವಂತಿಲ್ಲ. ಬೇಕೆಂದೇ ಅವಮಾನ ಮಾಡಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಈ ಪಟ್ಟಿಯ ಅರ್ಥ ನನಗೆ ಸರಿಯಾಗಿ ಹೊಳೆದದ್ದು ಇಳಕಲ್ಲಿನಲ್ಲಿ. ನಮ್ಮದು ಹುನಗುಂದ. ತಾಯಿಯ ತವರುಮನೆ ಇಳಕಲ್. ಸೋದರಮಾವ ಅಲ್ಲಿ ಸೀರೆ ವ್ಯಾಪಾರ ಮಾಡುತ್ತಾರೆ. ಕಳೆದ ವರ್ಷ ಸ್ವಾತಂತ್ರ್ಯ ದಿನಕ್ಕೆ ಎರಡು ತಿಂಗಳಿದ್ದಾಗ ಅವರಿಗೊಂದು ದೊಡ್ಡ ಆರ್ಡರ್ ಬಂತು. ಸಂಸ್ಥೆಯೊಂದರ ಮಹಿಳಾ ಸಿಬ್ಬಂದಿಗೆಲ್ಲ ಕೇಸರಿ, ಬಿಳಿ, ಹಸಿರು ಸೀರೆ ಬೇಕು, ಸೆರಗಿನ ನಡುವೆ ನೀಲಿ ಚಕ್ರ ಬೇಕು. ಮಳೆಗಾಲದಲ್ಲಿ ವ್ಯಾಪಾರ ಡಲ್ ಇರುವಾಗ ಅಂಥ ಆರ್ಡರ್ ಸಿಗುವುದೇ ಕಷ್ಟ. ಮಾವ ಒಪ್ಪಿಕೊಂಡು ನೇಕಾರರ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಗುಣಿಮಗ್ಗದಲ್ಲಿ ಕೂತಿದ್ದ ಅಜ್ಜ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: ‘ಮೂರು ಬಣ್ಣದ್ದು ಎಷ್ಟ್ ಬೇಕಾದ್ರೂ ನೇಯ್ದು ಕೊಡ್ತೀನ್ರಿ ಸಾವಕಾರ್ರ. ಸೆರಗಿನ ಮ್ಯಾಲ ಚಕ್ರ ಬ್ಯಾಡ. ಹೆಣ್ಮಕ್ಕಳು ಸೆರಗಿಂದ ಬೆವರು ಒರಸ್ತಾರ, ಕೂಸಿನ ಮೂಗು ಒರಸ್ತಾರ, ಒಲಿ ಮ್ಯಾಲಿನ ಪಾತ್ರಿ ಹಿಡಿದು ಇಳಸ್ತಾರ. ಹಂಗ ಮಾಡಬ್ಯಾಡ್ರವ್ವ ಅಂತ ಹೇಳಾಕ ಬರ್ತೈತೇನು? ಸೆರಗು ಇರೋದ ಅದಕ್ಕ.’

ಆ ಅಜ್ಜ ಕಾಯ್ದೆ ಓದಿದವರಲ್ಲ. ಆದರೆ ಕಾಯ್ದೆಯ ಪಟ್ಟಿಯಲ್ಲಿ ಕರವಸ್ತ್ರವೂ ನ್ಯಾಪ್ಕಿನ್ನೂ ಯಾಕಿವೆ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟರು. ಕರವಸ್ತ್ರಕ್ಕೆ ಮೂಗು ಒರೆಸಿಕೊಂಡವನದು ತಪ್ಪಲ್ಲ, ಅದರ ಮೇಲೆ ಧ್ವಜ ಅಚ್ಚು ಹಾಕಿದವನದು ತಪ್ಪು. ಬಳಸುವವರನ್ನು ಬೈಯುವ ಮೊದಲು ತಯಾರಿಸುವವರು ಯೋಚಿಸಬೇಕು. ಮಾವ ಆರ್ಡರ್ ಕೊಟ್ಟವರಿಗೆ ಫೋನ್ ಮಾಡಿ ಚಕ್ರ ಹಾಕಲು ಆಗುವುದಿಲ್ಲ ಎಂದರು. ಅವರು ಒಪ್ಪಲಿಲ್ಲ, ಆರ್ಡರ್ ಬೇರೆ ಕಡೆ ಹೋಯಿತು. ಆ ತಿಂಗಳು ಮಾವನ ಮನೆಯಲ್ಲಿ ಹಣದ ಬಿಗಿ ಎಷ್ಟಿತ್ತು ಎಂದು ನನಗೆ ಗೊತ್ತು. ನೇಕಾರ ಅಜ್ಜನಿಗೂ ಕೂಲಿ ಹೋಯಿತು. ಧ್ವಜಗೌರವ ಎಂಬ ಮಾತಿಗೆ ಇಂಥ ಬೆಲೆಯೂ ಇರುತ್ತದೆ, ಅದನ್ನು ಭಾಷಣ ಮಾಡದವರೇ ತೆರುತ್ತಾರೆ.

ಈ ಕಥೆ ಹೇಳಿದಾಗ ಬಾದಾಮಿಯ ಗೆಳೆಯ ಒಪ್ಪಲಿಲ್ಲ. ‘ಪ್ರೀತಿ ಇದ್ದವರೇ ಮೈಮೇಲೆ ಹಾಕಿಕೊಳ್ಳೋದು. ಎಲ್ಲದಕ್ಕೂ ಕಾಯ್ದೆ ತೋರಿಸಿದರೆ ಜನ ಧ್ವಜದಿಂದ ದೂರ ಹೋಗ್ತಾರೆ’ ಎಂದ. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನಲ್ಲಿ ಅವರ ಧ್ವಜ ದಿಂಬಿನ ಮೇಲೆ, ಕಾಲುಚೀಲದ ಮೇಲೆ ಕಾಣುವುದು ಮಾಮೂಲು. ಡೆನ್ಮಾರ್ಕಿನಲ್ಲಿ ಹುಟ್ಟುಹಬ್ಬದ ಕೇಕಿಗೂ ಧ್ವಜ ಸಿಕ್ಕಿಸುತ್ತಾರೆ. ನಮ್ಮಲ್ಲೂ ಕೊಯಮತ್ತೂರಿನಲ್ಲಿ 2013ರಲ್ಲಿ ತ್ರಿವರ್ಣದ ಕೇಕ್ ಕತ್ತರಿಸಿದ್ದು ಅಪರಾಧ ಎಂಬ ದೂರು ಮದ್ರಾಸ್ ಹೈಕೋರ್ಟಿಗೆ ಹೋಗಿತ್ತು. ಅವಮಾನ ಮಾಡುವ ಉದ್ದೇಶ ಇರಲಿಲ್ಲ ಎಂದು 2021ರಲ್ಲಿ ಕೋರ್ಟು ಪ್ರಕರಣವನ್ನು ರದ್ದು ಮಾಡಿತು.

ಆದರೆ 2017ರಲ್ಲಿ ಅಮೆಜಾನ್‌ನ ಕೆನಡಾ ತಾಣದಲ್ಲಿ ನಮ್ಮ ಧ್ವಜದ ಚಿತ್ರವಿದ್ದ ಕಾಲೊರಸು ಮಾರಾಟಕ್ಕೆ ಬಂದಾಗ ನಮಗೆಲ್ಲ ಸಿಟ್ಟು ಬಂದಿತ್ತಲ್ಲ? ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಕಟುವಾಗಿ ಆಕ್ಷೇಪಿಸಿದ ಮೇಲೆ ಅದನ್ನು ತೆಗೆದರು. ಕಾಲೊರಸು ಮಾಡಿದವನಿಗೂ ಬಹುಶಃ ದ್ವೇಷ ಇರಲಿಲ್ಲ, ವ್ಯಾಪಾರ ಇತ್ತು. ಹೀಗಾಗಿ ನನ್ನ ಲೆಕ್ಕ ಇದು: ಶಿಕ್ಷೆ ಕೊಡುವಾಗ ಉದ್ದೇಶ ನೋಡಬೇಕು, ವಸ್ತು ತಯಾರಿಸುವಾಗ ಮತ್ತು ಕೊಳ್ಳುವಾಗ ಅದರ ಕೊನೆ ನೋಡಬೇಕು. ಗೆಳೆಯ ಇಷ್ಟಕ್ಕೆ ಒಪ್ಪಿದ.

ಕೊನೆಯ ವಿಷಯಕ್ಕೆ ಬಂದರೆ ಇನ್ನೊಂದು ತೊಡಕಿದೆ. ಹರಿದ, ಕೊಳೆಯಾದ ಧ್ವಜವನ್ನು ಜನರ ಕಣ್ಣಿಗೆ ಬೀಳದಂತೆ, ಇಡಿಯಾಗಿ, ಸಾಧ್ಯವಾದರೆ ಸುಟ್ಟು, ಇಲ್ಲವೇ ಗೌರವಕ್ಕೆ ಕುಂದು ಬರದ ಬೇರೆ ರೀತಿಯಲ್ಲಿ ಇಲ್ಲವಾಗಿಸಬೇಕು ಎಂದು ಧ್ವಜ ಸಂಹಿತೆ ಹೇಳುತ್ತದೆ. ಖಾದಿ ಹತ್ತಿ ಸುಟ್ಟರೆ ಹಿಡಿ ಬೂದಿ ಉಳಿಯುತ್ತದೆ. ಆದರೆ 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿದೆ. 2022ರ ‘ಹರ್ ಘರ್ ತಿರಂಗಾ’ ಹೊತ್ತಿಗೆ ಮನೆಮನೆಗೂ ಬಂದವುಗಳಲ್ಲಿ ಇವೇ ಹೆಚ್ಚು ಕಂಡವು. ಕಡಿಮೆ ಬೆಲೆಗೆ ಸಿಕ್ಕಿದ್ದರಿಂದ ಬಡವರ ಮನೆಯ ಮೇಲೂ ಧ್ವಜ ಹಾರಿತು, ಅದು ಸಂತೋಷವೇ. ಆದರೆ ಪಾಲಿಯೆಸ್ಟರ್ ಸುಟ್ಟರೆ ಬೂದಿಯಾಗುವುದಿಲ್ಲ. ಕರಗಿ, ಕಪ್ಪು ಹೊಗೆ ಬಿಟ್ಟು, ಗಟ್ಟಿ ಗಂಟಾಗಿ ಕೂರುತ್ತದೆ. ಅದನ್ನು ನೋಡಿದರೆ ಗೌರವದ ವಿದಾಯ ಎನಿಸುವುದಿಲ್ಲ. ಇನ್ನು ಪ್ಲಾಸ್ಟಿಕ್ ಧ್ವಜ 2022ರ ಜುಲೈ 1ರಿಂದ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲೇ ಇದೆ.

ಪಾಲಿಯೆಸ್ಟರ್‌ಗೆ ಅನುಮತಿ ಕೊಟ್ಟದ್ದನ್ನು ಹುಬ್ಬಳ್ಳಿಯ ಸಂಯುಕ್ತ ಸಂಘದವರು ಆಗಲೇ ವಿರೋಧಿಸಿದ್ದರು. ಅವರ ಆತಂಕ ನಮ್ಮ ಜಿಲ್ಲೆಯ ಆತಂಕವೂ ಹೌದು. ಬೆಂಗೇರಿಯಲ್ಲಿ ಬೇಡಿಕೆ ಕುಗ್ಗಿದರೆ ತುಳಸಿಗೇರಿಯ ಮಗ್ಗಕ್ಕೆ ಕೆಲಸ ಕಡಿಮೆಯಾಗುತ್ತದೆ. ಖಾದಿ ಧ್ವಜಕ್ಕೆ ಬೆಲೆ ಜಾಸ್ತಿ, ನಿಜ. ಆದರೆ ಮನೆಗೊಂದು ಖಾದಿ ಧ್ವಜ ಕೊಂಡು, ಬಳಸಿದ ಮೇಲೆ ಕೇಸರಿ ಮತ್ತು ಹಸಿರನ್ನು ಬಿಳಿಯ ಕೆಳಗೆ ಮಡಚಿ, ಚಕ್ರ ಮೇಲೆ ಕಾಣುವಂತೆ ಮಾಡಿ ಟ್ರಂಕಿನಲ್ಲಿ ಇಟ್ಟರೆ ಹಲವು ವರ್ಷ ಬರುತ್ತದೆ. ನಮ್ಮ ತಾಯಂದಿರು ಮದುವೆಯ ಸೀರೆಯನ್ನು ಕಾಪಾಡುವುದು ಹೀಗೇ ಅಲ್ಲವೇ?

ಧ್ವಜವಿರುವ ಯಾವುದೇ ವಸ್ತು ಕೊಳ್ಳುವ ಮುಂಚೆ ನಾನೀಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ದೇಹದ ಯಾವ ಭಾಗಕ್ಕೆ, ಮನೆಯ ಯಾವ ಜಾಗಕ್ಕೆ ಹೋಗುತ್ತದೆ? ಇದರಿಂದ ಏನನ್ನು ಒರೆಸುತ್ತಾರೆ, ಏನನ್ನು ತುಂಬುತ್ತಾರೆ? ಹಳೆಯದಾದ ಮೇಲೆ ಎಲ್ಲಿ ಬೀಳುತ್ತದೆ? ಅಂಗಿಯ ಜೇಬಿನ ಮೇಲೆ ಸಿಕ್ಕಿಸುವ ಪುಟ್ಟ ಪಿನ್ನು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಪೇಪರ್ ಪ್ಲೇಟು, ಮಿಠಾಯಿ ಡಬ್ಬಿ, ತಲೆಗೆ ಸುತ್ತುವ ರಿಬ್ಬನ್ ಫೇಲಾಗುತ್ತವೆ.

ಈ ಆಗಸ್ಟ್‌ನಲ್ಲಿ ನಮ್ಮ ಹಾಸ್ಟೆಲಿನ ಹುಡುಗರು ಒಂದು ಕೆಲಸ ಮಾಡಬೇಕೆಂದಿದ್ದೇವೆ. 15ರ ಸಂಜೆ ನವನಗರದಲ್ಲಿ ಸುತ್ತಾಡಿ, ಬಿದ್ದ ಕಾಗದದ ಧ್ವಜಗಳನ್ನು ಹೆಕ್ಕುವುದು. ಕಾಲೇಜಿನಲ್ಲಿ ಒಂದು ಪೆಟ್ಟಿಗೆ ಇಟ್ಟು, ಹರಿದವನ್ನು ಒಂದು ಕಡೆ, ಮತ್ತೆ ಬಳಸಬಹುದಾದವನ್ನು ಒಂದು ಕಡೆ ಬೇರ್ಪಡಿಸುವುದು. ಚೆನ್ನಾಗಿರುವುದನ್ನು ಒಗೆದು, ಇಸ್ತ್ರಿ ಮಾಡಿ ಜನವರಿಗೆ ಎತ್ತಿಡುವುದು. ಹರಿದ ಕಾಗದದ್ದು, ಹತ್ತಿಯದ್ದನ್ನು ಯಾರ ಫೋಟೊ, ರೀಲ್ಸ್‌ಗೂ ಸಿಗದಂತೆ ಗೌರವದಿಂದ ಸುಡುವುದು. ಪಾಲಿಯೆಸ್ಟರ್‌ನದ್ದನ್ನು ಮಡಚಿ ಮಣ್ಣಿನಲ್ಲಿ ಹೂಳುವುದು. ಇದು ದೊಡ್ಡ ಕೆಲಸವೇನಲ್ಲ, ಒಂದು ಸಂಜೆಯದು. ನಿಮ್ಮ ಕಾಲೇಜಿನಲ್ಲೂ ಇಂಥದ್ದೊಂದು ಪೆಟ್ಟಿಗೆ ಇಡಿ. ಅಲ್ಲಿಗೆ ಬಂದು ಬೀಳುವ ಧ್ವಜಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದರೆ, ನಮಗೆ ಅದನ್ನು ಬಳಸಲು ಬಂತು ಎಂದು ತಿಳಿಯೋಣ.