ಪಿಯುಸಿ ಫಲಿತಾಂಶದವರೆಗೆ ಕಾಯಬೇಡಿ





ದೆಹಲಿ ವಿಶ್ವವಿದ್ಯಾಲಯದ ರೆಗ್ಯುಲರ್ ಪದವಿ ಸೀಟುಗಳು ಸುಮಾರು 70 ಸಾವಿರ. ಕೇಳುವವರು ದೇಶದ ಉದ್ದಗಲಕ್ಕೂ ಇದ್ದಾರೆ. 2021ರಲ್ಲಿ ಅಲ್ಲಿನ ಕೆಲವು ಕಾಲೇಜುಗಳ ಕಟ್-ಆಫ್ ಶೇ. 100 ಮುಟ್ಟಿತ್ತು. 2022ರಿಂದ ಆ ಪದ್ಧತಿ ಹೋಗಿ ಸಿಯುಇಟಿ ಪ್ರವೇಶ ಪರೀಕ್ಷೆ ಬಂದಿದೆ. ಪಿಯುಸಿ ಪಾಸಾಗಲೇಬೇಕು, ಆದರೆ ಸೀಟು ಹಂಚುವುದು ಮುಖ್ಯವಾಗಿ ಸಿಯುಇಟಿ ಅಂಕದ ಮೇಲೆ.

ನಮ್ಮ ಮಕ್ಕಳು ಹಿಂದೆ ಬೀಳುವುದು ಹೆಚ್ಚಾಗಿ ಬುದ್ಧಿಯಲ್ಲಲ್ಲ, ದಿನಾಂಕದಲ್ಲಿ. 2024 ಮತ್ತು 2025ರಲ್ಲಿ ಸಿಯುಇಟಿ ಅರ್ಜಿಯ ಗಡುವು ನಮ್ಮ ದ್ವಿತೀಯ ಪಿಯುಸಿ ಫಲಿತಾಂಶಕ್ಕೂ ಮೊದಲೇ ಮುಗಿದಿತ್ತು. ಅರ್ಜಿ ಹಾಕದವರಿಗೆ ಶೇ. 98 ಬಂದರೂ ಆ ಬಾಗಿಲು ತೆರೆಯದು.

ಪೋಷಕರು ಗಮನಿಸಬೇಕಾದದ್ದು:

1. ಪಿಯುಸಿಯಲ್ಲಿ ಓದಿದ ವಿಷಯಗಳನ್ನೇ ಆರಿಸಿ. ಬಯಸಿದ ಕೋರ್ಸ್ ಯಾವ ವಿಷಯ ಕೇಳುತ್ತದೆಂದು ಮೊದಲೇ ನೋಡಿಕೊಳ್ಳಿ.
2. ಪರೀಕ್ಷೆಯನ್ನು ಕನ್ನಡ, ಉರ್ದು ಸೇರಿ 13 ಭಾಷೆಗಳಲ್ಲಿ ಬರೆಯಬಹುದು.
3. ಸರಿ ಉತ್ತರಕ್ಕೆ 5 ಅಂಕ. ತಪ್ಪಿಗೆ 1 ಅಂಕ ಕಡಿತ.

ಫಲಿತಾಂಶದ ನಂತರ ಕೊಡುವ ವಿದ್ಯಾರ್ಥಿವೇತನ ಇಂಥ ಮಕ್ಕಳಿಗೆ ತಡವಾದ ನೆರವು. ಆದ್ದರಿಂದ ಅರ್ಜಿ ಶುಲ್ಕ ಮತ್ತು ಪರೀಕ್ಷಾ ಕೇಂದ್ರದ ಪ್ರಯಾಣ ವೆಚ್ಚವನ್ನು ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಕೊಡುತ್ತೇವೆ. ಅರ್ಹ ಕುಟುಂಬಗಳು ಡಿಸೆಂಬರ್ ಒಳಗೆ ಟ್ರಸ್ಟ್ ಕಚೇರಿಗೆ ಬನ್ನಿ. ದಾನಿಗಳು ರಂಜಾನ್‌ವರೆಗೆ ಕಾಯದೆ ಈಗಲೇ ಕೈಜೋಡಿಸಬೇಕೆಂದು ಕೋರುತ್ತೇವೆ.