ಬೆನ್ನ ಮೇಲಿನ ಉಸಿರಿನ ಚೀಲ

ಓಟದ ವೇಗ ಏರಿದಂತೆ ದೇಹ ಬಳಸುವ ಆಮ್ಲಜನಕವೂ ಏರುತ್ತದೆ. ಒಂದು ಹಂತ ಮುಟ್ಟಿದ ಮೇಲೆ ಎಷ್ಟೇ ಏದುಸಿರು ಬಿಟ್ಟರೂ ಅದು ಹೆಚ್ಚುವುದಿಲ್ಲ. ಈ ಮಿತಿಯನ್ನು ವ್ಯಾಯಾಮ ಶರೀರವಿಜ್ಞಾನ ‘ವಿಒ2 ಮ್ಯಾಕ್ಸ್’ ಎನ್ನುತ್ತದೆ. ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಎಂಬುದು ಅದರ ಲೆಕ್ಕ. ಆರೋಗ್ಯವಂತ ಯುವಕನಲ್ಲಿ ಇದು 40ರ ಆಸುಪಾಸು, ವಿಶ್ವಮಟ್ಟದ ದೂರದ ಓಟಗಾರರಲ್ಲಿ 70ರಿಂದ 80. ಓಟಗಾರರಿಂದ ಸಿಕ್ಕ ಈ ಅಳತೆ ರೋಗಿಯ ಮಂಚದ ಬಳಿಗೆ ಬರಲು ನಾಲ್ಕು ದಶಕ ಹಿಡಿಯಿತು.

ದುಡಿಯುವ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕೆಂಬುದು 1790ರ ಸುಮಾರಿಗೇ ತಿಳಿದಿತ್ತು. ಪ್ಯಾರಿಸ್‌ನಲ್ಲಿ ರಸಾಯನವಿಜ್ಞಾನಿ ಲವಾಸಿಯೆ ತಮ್ಮ ಸಹಾಯಕ ಸೆಗ್ಯಾಂ ಅವರಿಗೆ ಮುಖವಾಡ ತೊಡಿಸಿ, ಕಾಲಲ್ಲಿ ಹಲಗೆ ತುಳಿಸಿ, ಉಸಿರನ್ನು ಅಳೆದಿದ್ದರು. ಆದರೆ ಓಡುತ್ತಿರುವವರ ಉಸಿರನ್ನು ಹಿಡಿಯುವುದು ಹೇಗೆ? ಉತ್ತರ 1911ರಲ್ಲಿ ಆಕ್ಸ್‌ಫರ್ಡ್‌ನ ಸಿ. ಜಿ. ಡಗ್ಲಸ್ ಅವರಿಂದ ಬಂತು. ಗಾಳಿ ಸೋರದಂತೆ ರಬ್ಬರು ಸೇರಿಸಿ ಮಾಡಿದ ಬಟ್ಟೆಯ ದೊಡ್ಡ ಚೀಲವದು. ಅದನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕು, ಮೂಗಿಗೆ ಕ್ಲಿಪ್ ಹಾಕಿ ಬಾಯಲ್ಲಿ ಕೊಳವೆ ಕಚ್ಚಬೇಕು. ಒಳಗೆಳೆಯುವ ಗಾಳಿ ಹೊರಗಿನದು, ಬಿಡುವ ಉಸಿರೆಲ್ಲ ಚೀಲಕ್ಕೆ. ಆಮೇಲೆ ಆ ಉಸಿರಿನಲ್ಲಿ ಆಮ್ಲಜನಕ ಎಷ್ಟು ಕಡಿಮೆಯಾಗಿದೆ ಎಂದು ಪರೀಕ್ಷಿಸಿದರೆ ದೇಹದ ಖರ್ಚು ಸಿಕ್ಕಿತು.

ಸ್ನಾಯುಗಳ ಶಾಖದ ಅಧ್ಯಯನಕ್ಕೆ 1922ರ ನೊಬೆಲ್ ಪಡೆದ ಎ. ವಿ. ಹಿಲ್ ಸ್ವತಃ ಓಟಗಾರರು. ಮ್ಯಾಂಚೆಸ್ಟರ್‌ನಲ್ಲಿ ಅವರು ಈ ಚೀಲ ಹೊತ್ತು ಹುಲ್ಲುಹಾಸಿನ ಮೇಲೆ ತಾವೇ ಸುತ್ತು ಹಾಕಿದರು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಕಾಲು ಲೀಟರಿನಷ್ಟಿರುವ ಬಳಕೆ ಸುಮಾರು 4 ಲೀಟರಿಗೆ ಏರಿ ಅಲ್ಲೇ ನಿಂತಿತು. ಹಾರ್ಟ್ಲಿ ಲಪ್ಟನ್ ಜೊತೆ 1923ರಲ್ಲಿ ಅವರು ಪ್ರಕಟಿಸಿದ ಲೇಖನ ಈ ಮಿತಿಗೆ ಮುಖ್ಯವಾಗಿ ಹೃದಯದತ್ತ ಬೊಟ್ಟು ಮಾಡಿತು. ಅದು ಎಷ್ಟು ರಕ್ತ ಪಂಪ್ ಮಾಡಬಲ್ಲದೋ ಅಷ್ಟೇ ಆಮ್ಲಜನಕ ಸ್ನಾಯುಗಳಿಗೆ ದಕ್ಕುತ್ತದೆ. ನಿಯಮಿತ ಓಟದ ಅಭ್ಯಾಸದಿಂದ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತ ಹೆಚ್ಚುತ್ತದೆ, ಮಿತಿಯೂ ಮೇಲೇರುತ್ತದೆ.

ಅಭ್ಯಾಸದಿಂದ ಏರುವುದು ಆಲಸ್ಯದಿಂದ ಎಷ್ಟು ಇಳಿಯುತ್ತದೆ? 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ಹರೆಯದ ಐವರು ಆರೋಗ್ಯವಂತರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಲಾಯಿತು. ಎದ್ದಾಗ ಅವರ ಸರಾಸರಿ ವಿಒ2 ಮ್ಯಾಕ್ಸ್ ನಿಮಿಷಕ್ಕೆ 3.3 ಲೀಟರಿನಿಂದ 2.4ಕ್ಕೆ ಕುಸಿದಿತ್ತು; ಸುಮಾರು ಎಂಟು ವಾರಗಳ ತರಬೇತಿಯ ನಂತರ 3.9ಕ್ಕೇರಿತು. ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸುವುದೇ ಆಗಿನ ಚಿಕಿತ್ಸಾ ಪದ್ಧತಿ. ರೋಗಿಯನ್ನು ಬೇಗ ಎಬ್ಬಿಸಿ ನಡೆಸಬೇಕೆಂಬ ವಾದಕ್ಕೆ ಈ ಅಂಕಿಗಳು ಬಲ ತಂದವು. ಮುಂದೆ ಹೃದಯ ವೈಫಲ್ಯದ ರೋಗಿಗೆ ಕಸಿ ಬೇಕೇ ಎಂದು ತೀರ್ಮಾನಿಸುವಾಗಲೂ ವೈದ್ಯರು ವಿಒ2 ಮ್ಯಾಕ್ಸ್ ಅನ್ನೇ ನೋಡತೊಡಗಿದರು. ಕಿಲೋಗೆ ನಿಮಿಷಕ್ಕೆ 14 ಮಿಲಿಲೀಟರ್ ಅಪಾಯದ ಗೆರೆಯಾಯಿತು.

ಡಲ್ಲಾಸ್‌ನ ಅದೇ ಐವರನ್ನು ಮೂವತ್ತು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದರು. ಐವತ್ತರ ಅಂಚಿನಲ್ಲಿದ್ದ ಅವರ ಸಾಮರ್ಥ್ಯ ಕುಗ್ಗಿತ್ತು ನಿಜ, ಆದರೆ ಮೂವತ್ತು ವರ್ಷಗಳು ಕಿತ್ತುಕೊಂಡದ್ದು ಆ ಮೂರು ವಾರಗಳ ಹಾಸಿಗೆ ಕಿತ್ತುಕೊಂಡದ್ದಕ್ಕಿಂತ ಕಡಿಮೆ. ನಡಿಗೆ, ಜಾಗಿಂಗ್, ಸೈಕಲ್ ತುಳಿತದ ಆರು ತಿಂಗಳ ಅಭ್ಯಾಸ ಮುಗಿಯುವ ಹೊತ್ತಿಗೆ ಅವರು 1966ರಲ್ಲಿ ಮಲಗುವ ಮುಂಚಿನ ಮಟ್ಟಕ್ಕೆ ಮರಳಿದ್ದರು.