ಕಾಂಜಿ ಕಲಿಯುವ ಬಗೆ

ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸುಗಳ ಫಲಕಗಳನ್ನು ನೋಡಿರಿ: ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ. ಈ ಊರುಗಳ ಹೆಸರನ್ನೇ ಕೇಳದವನೂ ಕನ್ನಡ ಅಕ್ಷರಗಳನ್ನು ಬಲ್ಲವನಾದರೆ ಸಾಕು, ಅವನ್ನು ತಪ್ಪಿಲ್ಲದೆ ಓದಬಲ್ಲನು. ನಮ್ಮ ಅಕ್ಷರವು ಧ್ವನಿಯ ಗುರುತಾಗಿರುವುದೇ ಇದಕ್ಕೆ ಕಾರಣ.

ಜಪಾನೀ ಭಾಷೆಯನ್ನು ಕಲಿಯಹೊರಟ ವಿದ್ಯಾರ್ಥಿಗೆ ಈ ಸೌಲಭ್ಯ ಪೂರ್ಣವಾಗಿ ದೊರೆಯದು. ಹಿರಗಾನ, ಕತಕಾನ ಎಂಬ ಎರಡು ಧ್ವನಿಲಿಪಿಗಳು ಆ ಭಾಷೆಯಲ್ಲಿ ಉಂಟು. ಒಂದೊಂದರಲ್ಲಿಯೂ 46 ಮೂಲಾಕ್ಷರಗಳು. ಇವುಗಳ ಜೊತೆಗೆ ಚೀನಾದಿಂದ ಬಂದ ಕಾಂಜಿ ಎಂಬ ಅಕ್ಷರಗಳು ಬಳಕೆಯಲ್ಲಿವೆ. ನಿತ್ಯವ್ಯವಹಾರಕ್ಕೆಂದು ಜಪಾನ್ ಸರ್ಕಾರವು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಅಲ್ಲಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ 1026ನ್ನು ಕಲಿಯುತ್ತಾರೆ.

ಸಂಖ್ಯೆಗಿಂತ ದೊಡ್ಡ ತೊಡಕು ಬೇರೊಂದಿದೆ. ‘ಬೆಂಕಿ’ ಎಂಬರ್ಥದ ಕಾಂಜಿಯನ್ನು ತೆಗೆದುಕೊಳ್ಳೋಣ. ಒಂಟಿಯಾಗಿದ್ದಾಗ ಅದನ್ನು ‘ಹಿ’ ಎಂದು ಓದುವರು. ಬೆಟ್ಟದ ಕಾಂಜಿಯೊಡನೆ ಸೇರಿದರೆ ‘ಕಜಾನ್’, ಎಂದರೆ ಅಗ್ನಿಪರ್ವತ. ಇಲ್ಲಿ ಅದರ ಉಚ್ಚಾರ ‘ಕ’. ಹೂವಿನ ಕಾಂಜಿಯ ಮುಂದೆ ಬಂದರೆ ‘ಹನಬಿ’, ಎಂದರೆ ಬಾಣಬಿರುಸು. ಇಲ್ಲಿ ಅದೇ ಅಕ್ಷರ ‘ಬಿ’ ಆಯಿತು!

ಇದು ನಮಗೆ ತೀರ ಅಪರಿಚಿತವಾದ ಸಂಗತಿಯೇನೂ ಅಲ್ಲ. ಒಲೆಯಲ್ಲಿರುವುದನ್ನು ನಾವು ‘ಬೆಂಕಿ’ ಎನ್ನುತ್ತೇವೆ. ‘ಬೆಂಕಿಪರ್ವತ’ ಎನ್ನದೆ ‘ಅಗ್ನಿಪರ್ವತ’ ಎನ್ನುತ್ತೇವೆ. ಕನ್ನಡವು ಸಂಸ್ಕೃತದಿಂದ ಪದಗಳನ್ನು ಪಡೆದಂತೆ ಜಪಾನೀ ಭಾಷೆಯು ಚೀನೀ ಭಾಷೆಯಿಂದ ಪಡೆಯಿತು. ದೇಶೀಯ ಪದಕ್ಕೂ ಚೀನೀ ಮೂಲದ ಪದಕ್ಕೂ ಒಂದೇ ಗುರುತನ್ನು ಬಳಸಿದ್ದರಿಂದ ಒಂದು ಅಕ್ಷರಕ್ಕೆ ಹಲವು ಉಚ್ಚಾರಗಳಾದವು.

ಆದುದರಿಂದ ಒಂಟಿ ಕಾಂಜಿಯನ್ನೂ ಅದರ ಉಚ್ಚಾರಗಳ ಪಟ್ಟಿಯನ್ನೂ ನೂರು ಬಾರಿ ಬರೆದು ಬಾಯಿಪಾಠ ಮಾಡಿದವನು, ಪುಸ್ತಕವನ್ನು ತೆರೆದಾಗ ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿಯದೆ ತಡವರಿಸುವನು. ತನಗೆ ಬುದ್ಧಿ ಸಾಲದೆಂದು ಕಲಿಕೆಯನ್ನೇ ಕೈಬಿಡುವನು. ತಪ್ಪು ಬುದ್ಧಿಯದಲ್ಲ, ಕ್ರಮದ್ದು. ಅಕ್ಷರವನ್ನು ಪದದೊಳಗೇ ಕಲಿಯಬೇಕು.

ಇನ್ನು ಮರೆವಿನ ಮಾತು. ಜರ್ಮನಿಯ ಎಬಿಂಗ್‌ಹೌಸ್ ಅರ್ಥವಿಲ್ಲದ ಶಬ್ದಗಳನ್ನು ತಾನೇ ಬಾಯಿಪಾಠ ಮಾಡಿ ಪ್ರಯೋಗ ನಡೆಸಿ, ಮರೆವು ಮೊದಲು ವೇಗವಾಗಿಯೂ ಬಳಿಕ ನಿಧಾನವಾಗಿಯೂ ಸಾಗುವುದೆಂದು 1885ರಲ್ಲಿ ತೋರಿಸಿದನು. ಕಲಿತದ್ದನ್ನು ಒಂದೇ ದಿನ ಹಲವು ಬಾರಿ ಓದುವುದಕ್ಕಿಂತ ದಿನಗಳ ಅಂತರದಲ್ಲಿ ನೆನಪಿಸಿಕೊಳ್ಳುವುದು ಮೇಲು.

ಇದಕ್ಕೆ ದಪ್ಪ ಕಾಗದದ ಚೀಟಿಗಳು ಸಾಕು. ಒಂದು ಬದಿಯಲ್ಲಿ ಕಾಂಜಿಯಲ್ಲಿ ಬರೆದ ಪದ. ಹಿಂಬದಿಯಲ್ಲಿ ಉಚ್ಚಾರ ಮತ್ತು ಅರ್ಥ. ಉತ್ತರ ಹೇಳಿದ ಮೇಲೆಯೇ ಚೀಟಿಯನ್ನು ತಿರುಗಿಸಬೇಕು. ಮೂರು ಡಬ್ಬಿಗಳನ್ನಿಡಿ: ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆರೆಯಿರಿ. ಉತ್ತರ ಸರಿಯಾದ ಚೀಟಿ ಮುಂದಿನ ಡಬ್ಬಿಗೆ, ತಪ್ಪಾದದ್ದು ಮೊದಲನೆಯದಕ್ಕೆ. ಇಂಥ ಡಬ್ಬಿಗಳ ಕ್ರಮವನ್ನು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜರ್ಮನ್ ಭಾಷೆಯ ಪುಸ್ತಕವೊಂದರಲ್ಲಿ ವಿವರಿಸಿದನು.

ವ್ಯಾಕರಣವನ್ನಾಗಲಿ ಮಾತನಾಡುವುದನ್ನಾಗಲಿ ಚೀಟಿಗಳು ಕಲಿಸಲಾರವು. ಅದಕ್ಕೆ ಪಠ್ಯಪುಸ್ತಕವೂ ಕೇಳುವ ಕಿವಿಯೂ ಬೇಕು. ಆದರೆ ದಿನಕ್ಕೆ ಐದೇ ಪದಗಳಂತೆ ಸೇರಿಸುತ್ತ ಹೋದರೂ ವರ್ಷಕ್ಕೆ 1825 ಪದಗಳಾಗುವುವು. ಜಪಾನೀ ಭಾಷೆಯ ಉಪಾಧ್ಯಾಯರಿಲ್ಲದ ಊರಿನಲ್ಲಿಯೂ ಇಷ್ಟನ್ನು ಇಂದೇ ಆರಂಭಿಸಬಹುದಲ್ಲವೆ?